ಹದಿನಾಲ್ಕು ಅಸಲಿ, ಒಂದು ನಕಲಿ

ಜೂನ್ 4

ಸನ್ಮಾನ್ಯರಾದ ಅಮ್ಮನವರಿಗೆ,

ನೀವು ನನ್ನನ್ನು ಕಂಡವರಲ್ಲ. ನಾನು ಮಾತ್ರ ನಿಮ್ಮನ್ನು ಮೂವತ್ತು ವರ್ಷಗಳಿಂದ ಬಲ್ಲೆ, ಆದರೆ ಒಂದೇ ಒಂದು ಅಕ್ಷರದ ಮಟ್ಟಿಗೆ. ನಮ್ಮ ದೇಶದ ಮೊದಲ ಅಧ್ಯಕ್ಷರ ಕಚೇರಿಯಿಂದ ಹೊರಟ ಪ್ರತಿಯೊಂದು ಪತ್ರದ ಎಡಮೂಲೆಯಲ್ಲಿ ಟೈಪ್ ಮಾಡಿದವರ ಗುರುತಿಗೆ ಒಂದು ಸಣ್ಣ ಅಕ್ಷರ ಇರುತ್ತದೆ. ಆ ಅಕ್ಷರ ನೀವೇ ಎಂದು ಹೋದ ವಾರ ನಿವೃತ್ತ ನೌಕರರ ಸಂಘದ ಗುಮಾಸ್ತರಿಂದ ತಿಳಿಯಿತು. ವಿಳಾಸವನ್ನೂ ಅವರೇ ಕೊಟ್ಟರು. ನೀವು ಇನ್ನೂ ಇದ್ದೀರಿ ಎಂದು ಕೇಳಿ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ತಪ್ಪು ತಿಳಿಯಬೇಡಿ, ಸಂತೋಷದಿಂದ.

ನಾನು ಒಂದು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿ ನಿವೃತ್ತನಾದವನು. ಅಕ್ಷರದೋಷ ನನ್ನ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ. ಮನೆಗೆ ಬಂದ ಆಮಂತ್ರಣ ಪತ್ರಿಕೆಗಳನ್ನೂ ತಿದ್ದಿ ವಾಪಸು ಕಳಿಸುತ್ತೇನೆ. ಅದರಿಂದ ಈಚೆಗೆ ಆಮಂತ್ರಣಗಳು ಕಡಿಮೆಯಾಗಿವೆ. ನನ್ನ ಒಂದೇ ಹುಚ್ಚು, ದೊಡ್ಡವರ ಸಹಿಯಿರುವ ಪತ್ರಗಳನ್ನು ಕೂಡಿಡುವುದು. ಅದರಲ್ಲಿ ಅಧ್ಯಕ್ಷರವೇ ಹದಿನಾಲ್ಕು. ಇಷ್ಟು ಪತ್ರ ಈ ಸುತ್ತಮುತ್ತಿನಲ್ಲಿ ಯಾರ ಬಳಿಯೂ ಇಲ್ಲ.

ಈಗ ನಮ್ಮ ಗ್ರಂಥಾಲಯದವರು ಮಹಡಿಯ ಮೇಲೆ ಒಂದು ಕೋಣೆಯನ್ನು ಈ ಪತ್ರಗಳಿಗೆ ಬಿಟ್ಟುಕೊಡುತ್ತಿದ್ದಾರೆ. ಬಾಗಿಲ ಮೇಲೆ ನನ್ನ ಹೆಸರು. ಡಿಸೆಂಬರಿನಲ್ಲಿ ಉದ್ಘಾಟನೆ. ಸಮಿತಿಯವರದು ಒಂದೇ ಕರಾರು: ಪತ್ರಗಳು ಅಸಲಿ ಎಂದು ಅಧ್ಯಕ್ಷರ ಹತ್ತಿರ ಕೆಲಸ ಮಾಡಿದ ಒಬ್ಬರು ಬರೆದು ಸಹಿ ಹಾಕಿಕೊಡಬೇಕು. ನಿಮ್ಮನ್ನು ಬಿಟ್ಟರೆ ಅಂಥವರು ಈಗ ಯಾರೂ ಬದುಕಿಲ್ಲ.

ಇನ್ನೊಂದು ಸಣ್ಣ ಉಪಕಾರ. ನನ್ನ ಮಾವ ದರ್ಜಿಯಾಗಿದ್ದರು. ಅವರು ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಅಧ್ಯಕ್ಷರ ಪತ್ರವೊಂದು ಸಿಕ್ಕಿತೆಂದು ನನ್ನ ಭಾವಮೈದುನ, ಅವನೂ ದರ್ಜಿಯೇ, ಎಂಟು ವರ್ಷದ ಹಿಂದೆ ಒಂದು ಚೀಟಿ ತಂದು ಕೊಟ್ಟ. ಅರ್ಧ ನಿಮಿಷ ನೋಡಿ ನಕಲಿ ಎಂದೆ. ಅವನು ಚೀಟಿ ಕಿತ್ತುಕೊಂಡು ಹೋದವನು ಇವತ್ತಿನವರೆಗೆ ನಮ್ಮ ಹೊಸ್ತಿಲು ತುಳಿದಿಲ್ಲ. ಈಗ ನನ್ನ ಹೆಂಡತಿಯ ಹಟ: "ಅಪ್ಪನ ಕಾಗದ ಆ ಕೋಣೆಯಲ್ಲಿ ಇರ್ಬೇಕು. ಇಲ್ಲಾಂದ್ರೆ ಉದ್ಘಾಟನೆಗೆ ನಾನು ಬರಲ್ಲ. ನಿಮ್ಮ ಹೆಸರಿನ ಬಾಗಿಲನ್ನ ನೀವೇ ತೆಗೀರಿ, ನೀವೇ ಹಾಕ್ಕೊಳ್ಳಿ."

ಆದ್ದರಿಂದ ಹದಿನಾಲ್ಕು ಅಸಲಿ, ಒಂದು ನಕಲಿ ಎಂದು ಎರಡು ಸಾಲು ಬರೆದುಕೊಟ್ಟರೆ ಗ್ರಂಥಾಲಯಕ್ಕೂ ನಮ್ಮ ಅಡುಗೆಮನೆಗೂ ಒಟ್ಟಿಗೇ ಶಾಂತಿ ಸಿಗುತ್ತದೆ.

ಪತ್ರಗಳ ನಕಲು ಪ್ರತಿಗಳನ್ನೂ, ನಾನು ಬರೆದ "ಅಧ್ಯಕ್ಷರ ಸಹಿ: ಒಂದು ಮನೋದರ್ಶನ" ಎಂಬ ನಲವತ್ತೆಂಟು ಪುಟದ ಪುಸ್ತಿಕೆಯನ್ನೂ ಜೊತೆಗಿಟ್ಟಿದ್ದೇನೆ. ಸಹಿಯ ಕೊನೆಯಲ್ಲಿರುವ ಬಾಲ ಮೇಲೆದ್ದಿದೆಯೋ ಕೆಳಗಿಳಿದಿದೆಯೋ ಎಂಬುದರಿಂದ ಆ ದಿನ ಮಹಾಪುರುಷರ ಮನಸ್ಸು ಹೇಗಿತ್ತೆಂದು ತೋರಿಸಿದ್ದೇನೆ.

ವಿಧೇಯ,
ಕರಡು ತಿದ್ದುವವನು

---

ಜೂನ್ 19

ಕರಡು ತಿದ್ದುವವರಿಗೆ,

ಪತ್ರ, ಹದಿನಾಲ್ಕು ಪ್ರತಿಗಳು, ಒಂದು ಪುಸ್ತಿಕೆ ತಲುಪಿದವು.

ಹದಿನಾಲ್ಕೂ ನಮ್ಮ ಕಚೇರಿಯವೇ. ಅವುಗಳ ಮೇಲೆ ಸಹಿ ಬೀಳುವಾಗ ನಾನು ಅಲ್ಲೇ ಇದ್ದೆ. ಆ ಸಹಿಯನ್ನು ನನ್ನ ಕೈಯನ್ನು ಬಲ್ಲಷ್ಟೇ ಬಲ್ಲೆ.

ಪುಸ್ತಿಕೆಯನ್ನು ಎರಡು ಸಲ ಓದಿದೆ. ಎರಡು ತಿದ್ದುಪಡಿ. ಪುಟ ಹದಿನೇಳರಲ್ಲಿ, ಬಂದರು ಕಾರ್ಮಿಕರ ಮುಷ್ಕರದ ದಿನ ಸಹಿಯ ಬಾಲ ಕೆಳಗಿಳಿದದ್ದು "ನಾಯಕನ ಎದೆಯ ಭಾರ" ಎಂದಿದ್ದೀರಿ. ಆ ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಇಟ್ಟಿದ್ದ ಫೈಲನ್ನು ಅಂದು ಯಾರೋ ಸಭೆಗೆ ಒಯ್ದಿದ್ದರು. ಪುಟ ಇಪ್ಪತ್ತೆರಡರಲ್ಲಿ ಬಾಲ ಅರ್ಧಕ್ಕೇ ನಿಂತದ್ದು "ಮಾತು ಬಾರದ ದುಃಖ" ಎಂದಿದ್ದೀರಿ. ಅಂದು ಐದು ಇಪ್ಪತ್ತರ ಬಸ್ಸಿಗೆ ಹೊತ್ತಾಗಿತ್ತು.

ದರ್ಜಿಯವರ ಪತ್ರವನ್ನು ನಾನು ನೋಡಿಲ್ಲ. ನೋಡದ್ದನ್ನು ಅಸಲಿ ಎನ್ನಲಾರೆ, ನಕಲಿ ಎಂದೂ ಎನ್ನಲಾರೆ. ಪ್ರತಿ ಕಳಿಸಿ.

ನನ್ನ ಯಂತ್ರದಲ್ಲಿ ಳ ಅಕ್ಷರದ ಅಚ್ಚು ಮುರಿದಿದೆ. ಜಾಗ ಬಿಟ್ಟು ಪೆನ್ನಿನಿಂದ ತುಂಬಿದ್ದೇನೆ. ಕ್ಷಮಿಸಿ.

ಬೆರಳಚ್ಚುಗಾರ್ತಿ

---

ಜೂನ್ 24

ಪರಮಪೂಜ್ಯರಾದ ಅಮ್ಮನವರಿಗೆ,

ನಿಮ್ಮ ಕಾಗದ ಓದಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ದೇಶದ ಅಧ್ಯಕ್ಷರು ಐದು ಇಪ್ಪತ್ತರ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದರು ಎಂಬ ವಿಷಯ ಯಾವ ಚರಿತ್ರೆಯಲ್ಲೂ ಇಲ್ಲ. ಕಾರಿದ್ದೂ ಬಸ್ಸು! ಎಂಥ ಸರಳತೆ! ಎರಡನೆಯ ಮುದ್ರಣಕ್ಕೆ ಒಂದು ಅಧ್ಯಾಯವನ್ನೇ ಸೇರಿಸುತ್ತಿದ್ದೇನೆ. ನಿಂತು ಹೋಗುತ್ತಿದ್ದರೋ, ಸೀಟು ಸಿಗುತ್ತಿತ್ತೋ, ದಯವಿಟ್ಟು ತಿಳಿಸಿ.

ನಿಮ್ಮ ಳಕಾರವನ್ನು ಕಂಡು ಕಣ್ಣು ತುಂಬಿತು. ನನ್ನ ಪುಸ್ತಿಕೆಯ ನಾಲ್ಕನೆಯ ಅಧ್ಯಾಯ ನೆನಪಿರಬೇಕು: ಹದಿನಾಲ್ಕು ಪತ್ರಗಳಲ್ಲೂ ಪ್ರತಿಯೊಂದು ಳ ಪೆನ್ನಿನಿಂದ ಬರೆದದ್ದು. ಒಟ್ಟು ಇನ್ನೂರ ಮೂವತ್ತೊಂದು. ಅಷ್ಟು ಕೆಲಸದ ನಡುವೆ ಅಧ್ಯಕ್ಷರು ಒಂದೊಂದನ್ನೂ ತಮ್ಮ ಕೈಯಾರೆ ತುಂಬಿದ್ದಾರೆ. ನೀವು ಈ ವಯಸ್ಸಿನಲ್ಲೂ ಅವರನ್ನು ಅನುಸರಿಸಿ ಳ ತುಂಬುತ್ತಿದ್ದೀರಲ್ಲ, ಇದಕ್ಕಿಂತ ದೊಡ್ಡ ನಿಷ್ಠೆ ಉಂಟೇ? ವೃತ್ತಿಯವನಾಗಿ ಒಂದು ಮಾತು ಹೇಳಿದರೆ ಬೇಸರಿಸಬೇಡಿ. ನಿಮ್ಮ ಳ ಚೆನ್ನಾಗಿದೆ, ಆದರೆ ಅಧ್ಯಕ್ಷರ ಳಕಾರದ ಗಾಂಭೀರ್ಯ ಅದಕ್ಕಿಲ್ಲ.

ಒಂದು ಆಕ್ಷೇಪವೂ ಉಂಟು. ನಿಮ್ಮ ಕಾಗದದಲ್ಲಿ ಸಹಿಯೇ ಇಲ್ಲ, ಟೈಪ್ ಮಾಡಿ ಬಿಟ್ಟಿದ್ದೀರಿ. ಸಹಿಯಿಲ್ಲದ ಕಾಗದ ನನ್ನ ಮಟ್ಟಿಗೆ ಬರೀ ಕಾಗದ. ಪ್ರಮಾಣಪತ್ರದ ಕರಡನ್ನು ನಾನೇ ತಯಾರಿಸಿ ಇಟ್ಟಿದ್ದೇನೆ. ಕೆಳಗೆ ಗೀಟೆಳೆದ ಜಾಗದಲ್ಲಿ ಸಹಿ ಮಾಡಿ ಕಳಿಸಿದರೆ ಸಾಕು.

ದರ್ಜಿಯ ಚೀಟಿ ಈಗ ಸಿಗುವ ಹಾಗಿಲ್ಲ. ನೋಡುವ ಅಗತ್ಯವೂ ಇಲ್ಲ. ಕೈಬರಹ ಎಂದರೆ ಕೋಳಿ ಕೆದಕಿದ ಹಾಗೆ. ಸಹಿಗೆ ಬಾಲವೇ ಇಲ್ಲ. ಮೇಲಾಗಿ ಬರೆದವನಿಗೆ ಲ ಯಾವುದು ಳ ಯಾವುದು ಗೊತ್ತಿಲ್ಲ. "ಬಲಗಡೆ ಜೇಬು ಆಲ ಬೇಕು" ಅಂತೆ. ಜೇಬಿನಲ್ಲಿ ಆಲದ ಮರ ನೆಡುತ್ತಿದ್ದರೇ ನಮ್ಮ ಅಧ್ಯಕ್ಷರು? ನಕ್ಕು ಬಿಡಿ.

ಸಹಿಯ ದಾರಿ ಕಾಯುತ್ತಿರುವ,
ಕರಡು ತಿದ್ದುವವನು

---

ಜುಲೈ 2

ಕರಡು ತಿದ್ದುವವರಿಗೆ,

"ಆಲ" ಎಂದೇ ಇತ್ತೇ? ನಿಮಗೆ ಸರಿಯಾಗಿ ನೆನಪಿದೆಯೇ?

ಆ ಪತ್ರದ ಪ್ರತಿ ಬರುವ ತನಕ ಯಾವುದಕ್ಕೂ ಸಹಿ ಮಾಡುವುದಿಲ್ಲ. "ಸಿಗುವ ಹಾಗಿಲ್ಲ" ಎಂದರೆ ಅದು ಕಳೆದುಹೋಗಿದೆಯೋ, ನೀವು ಹೋಗಿ ಕೇಳಿಲ್ಲವೋ?

ಬಸ್ಸಿನ ಅಧ್ಯಾಯವನ್ನು ಸದ್ಯಕ್ಕೆ ಅಚ್ಚಿಗೆ ಕೊಡಬೇಡಿ.

ಬೆರಳಚ್ಚುಗಾರ್ತಿ

---

ಆಗಸ್ಟ್ 6

ಮಾನ್ಯರೇ,

ಒಂದು ತಿಂಗಳು ಉತ್ತರಿಸದೆ ಇದ್ದದ್ದಕ್ಕೆ ಕೆಲಸದ ಒತ್ತಡ ಕಾರಣ ಎಂದು ಬರೆಯಬೇಕೆಂದಿದ್ದೆ. ನನ್ನ ಹೆಂಡತಿ ಹೆಗಲ ಹಿಂದೆ ನಿಂತು ಓದುತ್ತಿದ್ದಾಳೆ, ಆದ್ದರಿಂದ ಹಾಗೆ ಬರೆಯಲಾರೆ. ಕೇಳಲು ಹೋಗುವ ಧೈರ್ಯ ಬರಲಿಲ್ಲ.

ಹೋದ ವಾರ ಹೋದೆ. ಭಾವಮೈದುನನ ಅಂಗಡಿಯ ಎದುರಿಗೆ ಪಾತ್ರೆ ಅಂಗಡಿ. ಅಲ್ಲಿ ಅರ್ಧ ಗಂಟೆ ಬಾಣಲೆಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅಂಗಡಿಯವನು ಅನುಮಾನದಿಂದ ಹತ್ತಿರ ಬಂದಾಗ ಬೇರೆ ದಾರಿಯಿಲ್ಲದೆ ರಸ್ತೆ ದಾಟಿದೆ. ಒಳಗೆ ಹೋಗಲು ನೆಪ ಬೇಕಲ್ಲ, ಪ್ಯಾಂಟು ಹೊಲಿಸಬೇಕು ಎಂದೆ. ಅವನು ಟೇಪು ತೆಗೆದು ಸೊಂಟಕ್ಕೆ ಸುತ್ತಿ, ಬೇಕಾದದ್ದಕ್ಕಿಂತ ಬಿಗಿಯಾಗಿ ಎಳೆದು, ಗೋಡೆಯ ಕಡೆ ನೋಡಿಕೊಂಡು ಹೇಳಿದ:

"ಭಾವ ಪ್ಯಾಂಟಿನ ಅಳತೆ ಕೊಡೋಕೆ ಬಂದಿದ್ದಾರೋ, ಅಪ್ಪನ ಕಾಗದದ ಅಳತೆ ತಗೊಳ್ಳೋಕೆ ಬಂದಿದ್ದಾರೋ?"

ನಿಮ್ಮ ವಿಷಯ ಹೇಳಿದೆ. ಅಧ್ಯಕ್ಷರ ಹತ್ತಿರ ಕೆಲಸ ಮಾಡಿದ ಹಿರಿಯರು ನೋಡಬೇಕು ಅಂತಿದ್ದಾರೆ ಎಂದೆ. ಅವನು ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತ ಕೂತ. ಆಮೇಲೆ ಪಕ್ಕದ ಅಂಗಡಿಗೆ ಹೋಗಿ ನಕಲು ತೆಗೆಸಿಕೊಂಡು ಬಂದ.

"ಇದು ಆ ಅಮ್ಮನಿಗೆ. ನಿಮಗಲ್ಲ. ದಾರಿಯಲ್ಲಿ ತಿದ್ದಬೇಡಿ."

ಇಗೋ ಜೊತೆಗಿಟ್ಟಿದ್ದೇನೆ. ನಕಲಿನಲ್ಲಿ ಮಸುಕಾಗಿದೆ, ಆದ್ದರಿಂದ ಇದ್ದದ್ದು ಇದ್ದ ಹಾಗೆ ಎತ್ತಿ ಬರೆಯುತ್ತೇನೆ. ಒಂದೊಂದು ಪದಕ್ಕೂ ನನ್ನ ಕೈ ಕೆಂಪು ಪೆನ್ನಿನ ಕಡೆ ಹೋಗುತ್ತಿದೆ.

"ದರ್ಜಿಯವರಿಗೆ. ಕೋಟು ಬಂತು. ಚನಾಗಿದೆ. ಬಲಗಡೆ ಜೇಬು ಇನ್ನೂ ಆಲ ಬೇಕು. ಕೈ ಪೂರ್ತಿ ಒಲಗೆ ಹೋಗಬೇಕು. ಒಲಗಡೆ ಮೆತ್ತನೆ ಬಟ್ಟೆ ಕೊಡಿ. ಸಬೆಯಲ್ಲಿ ಕೈ ನಡುಗುತ್ತೆ. ಜನ ನೋಡ್ತಾರೆ. ಆಪೀಸಿನಲ್ಲೂ ಯಾರಿಗೂ ಹೇಲಿಲ್ಲ. ನೀವೂ ಹೇಲಬೇಡಿ."

ಕೊನೆಯ ಪದ ನೋಡಿದಿರಾ? ದೇಶದ ಅಧ್ಯಕ್ಷರು ಒಬ್ಬ ದರ್ಜಿಗೆ ಕೊಡುವ ಅಪ್ಪಣೆಯೇ ಅದು? ಇನ್ನಾದರೂ ನಕಲಿ ಎಂದು ಬರೆದು ಮುಗಿಸಿ. ಸಮಿತಿಯವರು ಬಾಗಿಲಿಗೆ ಬಣ್ಣ ಹೊಡೆಸಿಯಾಗಿದೆ.

ಕರಡು ತಿದ್ದುವವನು

---

ಆಗಸ್ಟ್ 20

ಕರಡು ತಿದ್ದುವವರಿಗೆ,

ಈ ಪತ್ರವನ್ನು ಕೂತು ಓದಿ.

ದರ್ಜಿಯವರಿಗೆ ಬಂದ ಪತ್ರ ಅಸಲಿ. ನನಗೆ ತಿಳಿದಂತೆ ಅಧ್ಯಕ್ಷರು ತಮ್ಮ ಕೈಯಿಂದ ಬರೆದದ್ದು ಅದೊಂದೇ.

ಅವರ ನಾಲಿಗೆಗೆ ಳ ಹೊರಳುತ್ತಿರಲಿಲ್ಲ. ಎದುರಿಗೆ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳುವಾಗ, ನಿಮಗೆ ಅಷ್ಟು ಮುಜುಗರವಾದ ಪದವನ್ನೇ ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದೆ. ಮೊದಲ ವಾರ ನಗು ತಡೆಯಲು ಕೆನ್ನೆ ಕಚ್ಚಿಕೊಂಡು ಹುಣ್ಣಾಯಿತು. ಭಾಷಣ ಬರೆಯುವವರಿಗೆ ಳ ಇಲ್ಲದ ಪದ ಹುಡುಕುವುದೇ ಮುಖ್ಯ ಉದ್ಯೋಗ. "ಮಕ್ಕಳೇ" ಅನ್ನಬೇಕಾದಲ್ಲಿ "ಬಾಲಕ ಬಾಲಕಿಯರೇ" ಎಂದು ಹಾಕುತ್ತಿದ್ದರು. ತಪ್ಪಿಸಲಾಗದ ಕಡೆ ಚಪ್ಪಾಳೆ ಕಾಪಾಡುತ್ತಿತ್ತು. ಇದು ಕಚೇರಿಯ ನಾಲ್ಕೈದು ಜನಕ್ಕೆ ಬಿಟ್ಟರೆ ಯಾರಿಗೂ ತಿಳಿಯದು. ದರ್ಜಿಯವರಿಗೂ ಅವರು ಆಡುವಂತೆಯೇ ಬರೆದಿದ್ದಾರೆ. ಅದನ್ನು ಯಾವ ಮೋಸಗಾರನೂ ಹುಟ್ಟಿಸಲಾರ. ಮೋಸಗಾರರು ಕಾಗುಣಿತ ಸರಿಯಾಗಿ ಬರೆಯುತ್ತಾರೆ.

ಇನ್ನು ಹದಿನಾಲ್ಕರ ವಿಷಯ. ನಾನು ಕೆಲಸಕ್ಕೆ ಸೇರಿದ ದಿನ ಅವರು, "ಸಹಿ ಮಾಡ್ತಾ ಕೂರೋಕೆ ನನಗೆ ಪುರುಸೊತ್ತಿಲ್ಲಮ್ಮ. ನಿನ್ನ ಕೈ ಹೆಂಗೆ ಹೋಗುತ್ತೋ ಹಂಗೆ ನನ್ನ ಹೆಸರು ಹಾಕು" ಎಂದರು. ನನ್ನ ಕೈ ಕೊನೆಗೆ ಒಂದು ಬಾಲ ಎಳೆಯಿತು. ಇಪ್ಪತ್ತೆರಡು ವರ್ಷ ಎಳೆಯಿತು. ಗಿಡ್ಡ ಕಾಲಿನ ಮೇಜು ನನ್ನದು. ಐದು ಇಪ್ಪತ್ತರ ಬಸ್ಸೂ ನನ್ನದೇ, ಸೀಟು ಸಿಗುತ್ತಿರಲಿಲ್ಲ. ಳ ಮುರಿದ ಯಂತ್ರವೂ ಅದೇ, ನಿವೃತ್ತಿಯ ದಿನ ಮನೆಗೆ ಕೊಟ್ಟರು. ರಿಪೇರಿಗೆ ಏಳು ಸಲ ಅರ್ಜಿ ಹಾಕಿದ್ದೆ. ಏಳಕ್ಕೂ ಅಧ್ಯಕ್ಷರ ಸಹಿ ನಾನೇ ಹಾಕಿ ಕಳಿಸಿದೆ. ಆದರೂ ಮಂಜೂರಾಗಲಿಲ್ಲ.

ಈ ಗುಟ್ಟನ್ನು ಮಣ್ಣಿಗೆ ಒಯ್ಯುವ ಮನಸ್ಸಿತ್ತು. ಅದಕ್ಕೇ ಮೊದಲ ಪತ್ರದಲ್ಲಿ ಸುಳ್ಳೂ ಅಲ್ಲದ, ನಿಜವೂ ಅಲ್ಲದ ಹಾಗೆ ಬರೆದೆ. ನಿಮಗೆ ಅರ್ಥವಾಗಬಹುದು ಎಂದುಕೊಂಡಿದ್ದೆ. ನೀವು ಅವರನ್ನು ಬಸ್ಸು ಹತ್ತಿಸಿದಿರಿ.

ಅವರ ಬಲಗೈ ಯಾವಾಗಲೂ ಕೋಟಿನ ಜೇಬಿನಲ್ಲಿರುತ್ತಿತ್ತು. ಇದೇನು ಗತ್ತಪ್ಪಾ ಎಂದು ಒಳಗೊಳಗೇ ಬೈದುಕೊಂಡಿದ್ದೇನೆ. ಒಂದು ಸಹಿ ಮಾಡಲಾಗದಷ್ಟು ದೊಡ್ಡಸ್ತಿಕೆಯೇ ಎಂದು ನನ್ನ ತಾಯಿಯ ಹತ್ತಿರ ಅಂದಿದ್ದೇನೆ. ಕೈ ನಡುಗುತ್ತಿತ್ತು ಎಂದು ನನಗೆ ಗೊತ್ತಾದದ್ದು ಈ ತಿಂಗಳು, ನಿಮ್ಮ ಮಾವನವರಿಂದ. 

ಸಹಿಯಿಲ್ಲದ ಕಾಗದ ಬರೀ ಕಾಗದ ಎಂದಿರಿ. ಇಗೋ ಕೆಳಗೆ ಅವರ ಹೆಸರಿನ ಸಹಿ ಮಾಡಿದ್ದೇನೆ. ಹದಿನಾಲ್ಕರ ಪಕ್ಕ ಇಟ್ಟು ನೋಡಿ.

---

ಆಗಸ್ಟ್ 27

ಶ್ರೀಮತಿಯವರಿಗೆ,

ನಿಮ್ಮ ಪತ್ರ ಬಂತು. ಎಂಬತ್ತು ದಾಟಿದವರಿಗೆ ಮರೆವು ಸಹಜ. ಆದರೆ ಆಗದೇ ಇದ್ದದ್ದು ನೆನಪಾಗುವುದು ಸಹಜವಲ್ಲ.

ನೀವು ಮಾಡಿ ಕಳಿಸಿದ "ಸಹಿ"ಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಅನುಕರಣೆ ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಅಧ್ಯಕ್ಷರ ಜೀವವಿಲ್ಲ. ಬಾಲದಲ್ಲಿ ಸಂಕಲ್ಪವಿಲ್ಲ. ನಾನು ಮೂವತ್ತು ವರ್ಷ ಆ ಬಾಲವನ್ನು ಹಿಡಿದುಕೊಂಡು ಬದುಕಿದವನು, ನನಗೆ ಕಲಿಸಬೇಡಿ. ಒಬ್ಬ ಮಹಾಪುರುಷನ ಸಹಿಯನ್ನು ಕಾಗದದ ಮೇಲೆ ಗೀಚುವುದು ಅಪರಾಧವೆಂದು ನಿಮಗೆ ತಿಳಿದಿರಬೇಕು. ದೂರು ಕೊಡುವ ಆಲೋಚನೆಯಲ್ಲಿದ್ದೇನೆ.

ಪ್ರಮಾಣಪತ್ರದ ಕರಡನ್ನು ಹಿಂದಿರುಗಿಸಿ. ಪುಸ್ತಿಕೆಯನ್ನೂ.

---

ಸೆಪ್ಟೆಂಬರ್ 5

ಕರಡು ತಿದ್ದುವವರಿಗೆ,

ಕರಡು ಇದರೊಂದಿಗಿದೆ. ಪುಸ್ತಿಕೆ ಕೊಡುವುದಿಲ್ಲ. ನನ್ನ ಬಗ್ಗೆ ಯಾರಾದರೂ ನಲವತ್ತೆಂಟು ಪುಟ ಬರೆದದ್ದು ಅದೊಂದೇ.

ದೂರು ಕೊಡುವುದಾದರೆ ನನ್ನ ಹೆಸರಿನ ಕಾಗುಣಿತ ಸರಿಯಾಗಿ ಬರೆಯಿರಿ.

ಸಹಿ ನಂಬಬೇಡಿ. ನೀವು ಇನ್ನೂರ ಮೂವತ್ತೊಂದು ಳ ಎಣಿಸಿದವರು. ನಾನು ನಿಮಗೆ ಬರೆದ ನಾಲ್ಕು ಪತ್ರಗಳಲ್ಲೂ ಳ ಇವೆ. ಎರಡನ್ನೂ ಮೇಜಿನ ಮೇಲೆ ಹರಡಿ. ತಪ್ಪು ಹುಡುಕಬೇಡಿ, ಸುಮ್ಮನೆ ನೋಡಿ.

ಬೆರಳಚ್ಚುಗಾರ್ತಿ

---

ನವೆಂಬರ್ 3

ಅಕ್ಕನವರಿಗೆ,

ಹೀಗೆ ಕರೆಯುವ ಯೋಗ್ಯತೆ ಉಳಿಸಿಕೊಂಡಿಲ್ಲ. ಆದರೂ ಕರೆಯುತ್ತಿದ್ದೇನೆ.

ಸೆಪ್ಟೆಂಬರ್ ಒಂಬತ್ತಕ್ಕೆ ನಿಮ್ಮ ಪತ್ರ ಬಂತು, ಅಂದೇ ಮಧ್ಯಾಹ್ನ ಎಲ್ಲವನ್ನೂ ಹರಡಿ ನೋಡಿದೆ. ಭೂತಗನ್ನಡಿ ಬೇಕಾಗಲಿಲ್ಲ. ನಿಮ್ಮ ಳದ ಹೊಟ್ಟೆಯೊಳಗೆ ಒಂದು ಸಣ್ಣ ಕೊಕ್ಕೆ ಇದೆ. ಹದಿನಾಲ್ಕರಲ್ಲೂ ಅದೇ ಕೊಕ್ಕೆ. ನನ್ನ ಪುಸ್ತಿಕೆಯ ಮೂವತ್ತೊಂದನೆಯ ಪುಟದಲ್ಲಿ ಅದಕ್ಕೆ "ರಾಷ್ಟ್ರವನ್ನು ಮಡಿಲಲ್ಲಿಟ್ಟುಕೊಂಡ ಭಂಗಿ" ಎಂದು ಬರೆದಿದ್ದೇನೆ. ಜೂನಿನಿಂದ ನಿಮ್ಮ ಕಾಗದಗಳನ್ನು ಹತ್ತು ಸಲ ಓದಿದ್ದೆ, ಒಂದು ಸಲವೂ ಕಾಣಲಿಲ್ಲ. ತಪ್ಪು ಇದ್ದರೆ ಮಾತ್ರ ನನ್ನ ಕಣ್ಣು ತೆರೆಯುತ್ತದೆ ಎಂದು ಕಾಣುತ್ತದೆ. ಸರಿಯಿದ್ದದ್ದನ್ನು ಅದು ನೋಡುವುದೇ ಇಲ್ಲ.

ಹತ್ತು ದಿನ ಬೀರುವಿನ ಬೀಗ ತೆಗೆಯಲಿಲ್ಲ. ಹೆಂಡತಿ "ಮೈಗೆ ಹುಷಾರಿಲ್ವಾ?" ಎಂದು ಕೇಳಿದಳು. ಎಲ್ಲ ಹೇಳಿದೆ. ಅವಳಿಗೆ ಮೊದಲು ನಗು ಬಂತು. ನಗುತ್ತ ನಗುತ್ತ ನೆಲದ ಮೇಲೆ ಕೂತಳು. "ಮೂವತ್ತು ವರ್ಷ ಯಾರೋ ಹೆಂಗಸಿನ ಕಾಗದಗಳನ್ನ ಬೀಗ ಹಾಕಿ ಇಟ್ಕೊಂಡಿದ್ರಲ್ಲ, ನಾನು ಸುಮ್ನೆ ಬಿಟ್ಟೆನಲ್ಲ!" ಎಂದಳು. ಆಮೇಲೆ ನಗು ನಿಂತಿತು. "ಹಾಗಾದ್ರೆ ಅಪ್ಪಂದು ನಿಜ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಮೊದಲು ತಮ್ಮನ ಹತ್ರ ಹೋಗಿ" ಎಂದಳು.

ನಿಮಗೆ ಬರೆಯದೆ ಬಿಟ್ಟ ಒಂದು ಸಂಗತಿ ಇದೆ. ಎಂಟು ವರ್ಷದ ಹಿಂದೆ ನಾನು ಆ ಚೀಟಿಯನ್ನು ಸುಮ್ಮನೆ ನೋಡಿ ನಕಲಿ ಎನ್ನಲಿಲ್ಲ. ಮನೆ ತುಂಬ ನೆಂಟರಿದ್ದರು. ಎದ್ದು ನಿಂತು ಗಟ್ಟಿಯಾಗಿ ಓದಿದೆ, ಇದ್ದ ಕಾಗುಣಿತದಲ್ಲೇ. ಕೊನೆಯ ಪದವನ್ನು ಎರಡು ಸಲ ಓದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವಮೈದುನ, ನನ್ನ ಹೆಂಡತಿ ಇಬ್ಬರೇ ನಗಲಿಲ್ಲ. ತಮ್ಮಪ್ಪ ಮಕ್ಕಳಿಗೂ ಹೇಳದೆ ಡ್ರಾಯರಿನಲ್ಲಿಟ್ಟು ಕಾಪಾಡಿದ ಮಾತಿಗೆ ನಾನು ಊರನ್ನೇ ನಗಿಸಿದೆ. ಬರೆಯುವಾಗ ನಾಚಿಕೆಯಾಗುತ್ತಿದೆ.

ಅಂಗಡಿಗೆ ಹೋದೆ. ಈ ಸಲ ಬಾಣಲೆ ನೋಡಲಿಲ್ಲ. ನಿಮ್ಮ ಪತ್ರದ ವಿಷಯವೆಲ್ಲ ಹೇಳಿ ತಪ್ಪಾಯಿತು ಎಂದೆ. ಭಾವಮೈದುನ ಕತ್ತರಿ ಕೆಳಗಿಟ್ಟ.

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ ಭಾವ. ಬರೆದು ಸಹಿ ಮಾಡಿ ಕೊಡಿ."

ಬರೆದೆ. ಕೈ ನೆಟ್ಟಗೆ ನಿಲ್ಲಲಿಲ್ಲ. ಅವನು ಕಾಗದವನ್ನು ಬೆಳಕಿಗೆ ಹಿಡಿದ, ಹಿಂದೆ ಮುಂದೆ ತಿರುಗಿಸಿದ, ಅರ್ಧ ನಿಮಿಷ ನೋಡಿದ.

"ಇದು ನಿಮ್ಮದೇ ಸಹಿ ಅಂತ ಏನು ಗ್ಯಾರಂಟಿ?"

"ನಿನ್ನೆದುರಿಗೇ ಹಾಕಿದೆನಲ್ಲೋ!"

"ಹದಿನಾಲ್ಕು ಸಹಿಯೂ ಯಾರದೋ ಎದುರಿಗೇ ಹಾಕಿದ್ದು ತಾನೇ? ನಡುಗಿದ ಹಾಗಿದೆ. ನನಗ್ಯಾಕೋ ಅನುಮಾನ. ಅಕ್ಕನ್ನ ಕರ್ಕೊಂಡ್ ಬನ್ನಿ, ಸಾಕ್ಷಿ ಹಾಕ್ಲಿ."

ಅವಳು ಹೊರಗೆ ಬಾಗಿಲ ಮರೆಯಲ್ಲೇ ನಿಂತಿದ್ದಳು. ಒಳಗೆ ಬಂದು ಸಾಕ್ಷಿ ಹಾಕಿದಳು. ಅಕ್ಕ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅತ್ತರು, ಆಮೇಲೆ ನನ್ನ ಮುಖ ನೋಡಿ ನಕ್ಕರು. ನನ್ನ ಕ್ಷಮಾಪಣೆಯನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾನೆ. ಅದರಲ್ಲಿ ಎರಡು ಅಕ್ಷರದೋಷ ಇವೆ. ತಿದ್ದಲು ಬಿಡುತ್ತಿಲ್ಲ.

ಸಮಿತಿಯ ಅಧ್ಯಕ್ಷರಿಗೂ ಹೇಳಿದೆ. "ಸುಮ್ನಿರಿ ಸಾರ್, ಯಾರಿಗೆ ಗೊತ್ತಾಗುತ್ತೆ? ಆಯಮ್ಮನ ಕೈಲಿ ಒಂದು ಸಹಿ ಹಾಕಿಸಿದ್ರೆ ಆಯ್ತು" ಎಂದರು. ಒಂದು ರಾತ್ರಿ ಆ ಯೋಚನೆ ಮಾಡಿದೆ ಎಂದು ಒಪ್ಪಿಕೊಳ್ಳುತ್ತೇನೆ. ಬೆಳಿಗ್ಗೆ ಹೋಗಿ ಆಗುವುದಿಲ್ಲ ಎಂದೆ. ಕೋಣೆ ಹೋಯಿತು. ಬಾಗಿಲ ಮೇಲಿನ ನನ್ನ ಹೆಸರು ಅಳಿಸಿ ಅಲ್ಲಿ ಹಳೆಯ ದಿನಪತ್ರಿಕೆಗಳನ್ನು ತುಂಬಿದ್ದಾರೆ. ಕೆಳಗಡೆ ಮೆಟ್ಟಿಲ ಪಕ್ಕದ ಗೋಡೆಯನ್ನು ಪಾಪ ಎಂದು ಕೊಟ್ಟಿದ್ದಾರೆ. ನಡುವೆ ಮಾವನ ಪತ್ರ, ಸುತ್ತ ನಿಮ್ಮ ಹದಿನಾಲ್ಕು. ನಿಮ್ಮವು ನಿಮ್ಮ ಹೆಸರಿನಲ್ಲೇ.

ಆದರೆ ಒಂದು ಮಾತು ಕೇಳಬೇಕು. ಅವರು ಯಾರಿಗೂ ಹೇಳಬೇಡಿ ಎಂದು ಬರೆದಿದ್ದಾರೆ. ಗೋಡೆಗೆ ಹಾಕಬಹುದೇ? ನೀವು ಬೇಡ ಎಂದರೆ ಡ್ರಾಯರಿಗೇ ವಾಪಸು. ಹೆಂಡತಿಯೂ ಅದಕ್ಕೆ ಒಪ್ಪಿದ್ದಾಳೆ. ಅಪ್ಪನ ಮಾತು ಉಳಿಯುವುದಾದರೆ ಗೋಡೆ ಬೇಡ ಎನ್ನುತ್ತಾಳೆ.

ಡಿಸೆಂಬರ್ ಹದಿನಾಲ್ಕಕ್ಕೆ ನೀವು ಬರಬೇಕು.

ತಮ್ಮನೆಂದು ತಿಳಿಯಿರಿ,
ಕರಡು ತಿದ್ದುವವನು

---

ನವೆಂಬರ್ 11

ತಮ್ಮನಿಗೆ,

ಹಾಕಿ. ಅವರು ಹೋಗಿ ನಲವತ್ತು ವರ್ಷವಾಯಿತು. ಕೈ ನಡುಗಿದರೆ ಕುರ್ಚಿ ಹೋಗುತ್ತದೆ ಎಂಬ ಕಾಲವೂ ಹೋಯಿತು. ಇಪ್ಪತ್ತೆರಡು ವರ್ಷ ಅವರ ಪರವಾಗಿ ಒಪ್ಪಿಗೆ ಕೊಟ್ಟವಳು ನಾನು, ಇದೊಂದನ್ನೂ ಕೊಡುತ್ತೇನೆ.

ನನಗೆ ಬರಲಾಗುವುದಿಲ್ಲ. ಮಂಡಿ ನೋವು.

ಹದಿನಾಲ್ಕರಲ್ಲಿ ಮೂರನೆಯದರ ಸಹಿ ನನ್ನದಲ್ಲ. ಟೈಪ್ ಮಾಡಿ ಳ ತುಂಬಿಟ್ಟ ಮರುದಿನ ನಾನು ರಜೆ, ಸಹಿ ಬೀಳುವಾಗ ಅಲ್ಲೇ ಇದ್ದೆ ಎಂದದ್ದು ಇದೊಂದರ ಮಟ್ಟಿಗೆ ತಪ್ಪು. ಯಾರು ಹಾಕಿದರೋ ಗೊತ್ತಿಲ್ಲ, ಬಹುಶಃ ಡ್ರೈವರ್.

ಅಕ್ಕ

---

ಡಿಸೆಂಬರ್ 18

ತಮ್ಮನಿಗೆ,

ಬರುವುದಿಲ್ಲ ಎಂದು ಬರೆದವಳು ಬಂದಿದ್ದೆ. ನಿಮಗೆ ಕಾಣಿಸಿಕೊಳ್ಳಲಿಲ್ಲ, ಬೇಸರಿಸಬೇಡಿ. ನೀವು ಯಾವುದೋ ಶಾಲೆಯ ಮಾಸ್ತರರನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡು, ಸಹಿಯ ಬಾಲ ಕೆಳಗಿಳಿದ ದಿನ ಬೆರಳಚ್ಚುಗಾರ್ತಿಯ ಮನಸ್ಸು ಎಷ್ಟು ಭಾರವಾಗಿತ್ತೆಂದು ವಿವರಿಸುತ್ತಿದ್ದಿರಿ. ಮೇಜಿನ ಕಾಲು ಎಂದು ಕೂಗಬೇಕೆನಿಸಿತು. ಅಷ್ಟು ಖುಷಿಯಲ್ಲಿದ್ದಿರಿ, ಬಿಟ್ಟೆ.

ನಿಮ್ಮ ಹೆಂಡತಿ ನಡುವಿನ ಪತ್ರದ ಪಕ್ಕ ಕಾವಲಿನವರ ಹಾಗೆ ನಿಂತಿದ್ದರು. ಬಂದವರಿಗೆಲ್ಲ ತಾವೇ ಓದಿ ಹೇಳುತ್ತಿದ್ದರು, ಇದ್ದ ಕಾಗುಣಿತದಲ್ಲೇ. ಆ ಕೊನೆಯ ಪದ ಬಂದಾಗ ಇಬ್ಬರು ಹುಡುಗಿಯರು ಕಿಸಕ್ಕೆಂದರು. ನಿಮ್ಮ ಹೆಂಡತಿ ಕಣ್ಣು ಬಿಟ್ಟ ರೀತಿಗೆ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ.

ಜನ ಕರಗಿದ ಮೇಲೆ ಹತ್ತಿರ ಹೋದೆ. "ಕಣ್ಣು ಮಂಜಾಗಿದೆಯಮ್ಮ, ಸ್ವಲ್ಪ ಹತ್ತಿರದಿಂದ ನೋಡಬಹುದಾ?" ಎಂದೆ. ಅವರು ಹಿಂದೆ ಮುಂದೆ ನೋಡದೆ ಕಟ್ಟನ್ನೇ ಗೋಡೆಯಿಂದ ಇಳಿಸಿದರು. ಗ್ರಂಥಾಲಯದ ಜವಾನ "ಮುಟ್ಟಬಾರದು, ಮುಟ್ಟಬಾರದು" ಎನ್ನುತ್ತ ಓಡಿಬಂದ. "ನಮ್ಮಪ್ಪಂದು, ನಾನು ಮುಟ್ತೀನಿ. ಅವರೂ ಮುಟ್ತಾರೆ. ನೀನು ದೂರ ನಿಲ್ಲು" ಎಂದರು. ಹಿಂದಿನ ರಟ್ಟು ಬಿಚ್ಚಿ ಕಾಗದವನ್ನು ನನ್ನ ಕೈಗೆ ಕೊಟ್ಟರು.

ನೀವು ಕಳಿಸಿದ್ದ ಪ್ರತಿಯಲ್ಲಿ ಅದು ಗೊತ್ತಾಗಿರಲಿಲ್ಲ. ಕಾಗದದ ಬೆನ್ನ ಮೇಲೆ ಬೆರಳಾಡಿಸಿದರೆ ಅಕ್ಷರಗಳೆಲ್ಲ ಉಬ್ಬಿಕೊಂಡಿವೆ. ಪೆನ್ನು ಅಲುಗದಿರಲೆಂದು ಅಷ್ಟು ಒತ್ತಿ ಹಿಡಿದು ಬರೆದಿದ್ದಾರೆ. ಎರಡು ಕಡೆ ಕಾಗದ ಹರಿದೇ ಹೋಗಿದೆ. ಹೆಸರಿನ ಜಾಗದಲ್ಲಿ ಮೂರು ಸಲ ಶುರು ಮಾಡಿ ಬಿಟ್ಟ ಗುರುತಿದೆ. ಗೋಡೆಯ ಆಚೆ ನಾನು ಯಂತ್ರ ಕುಟ್ಟುತ್ತ ಕೂತಿದ್ದಾಗ ಈಚೆ ಬಾಗಿಲು ಹಾಕಿಕೊಂಡು ಇದನ್ನು ಬರೆದಿರಬೇಕು. ಎದುರಿಗೇ ಇದ್ದ ನನಗೆ ಒಂದು ಮಾತು ಹೇಳದೆ ಎಲ್ಲಿಯೋ ಇದ್ದ ದರ್ಜಿಗೆ ಹೇಳಿದರಲ್ಲ ಎಂದು ಹೊಟ್ಟೆಯುರಿಯಿತು. ಸುಳ್ಳು ಹೇಳುವುದಿಲ್ಲ. ಹೇಳಿದ್ದರೆ ನಾನು ಬೈದುಕೊಳ್ಳುತ್ತಿರಲಿಲ್ಲ ಎಂದು ದುಃಖವೂ ಆಯಿತು. ಕನ್ನಡಕ ತೆಗೆದು ಒರೆಸಿಕೊಂಡೆ, ಮತ್ತೆ ಒರೆಸಿಕೊಂಡೆ.

ನಿಮ್ಮ ಹೆಂಡತಿ ನನ್ನ ಬೆನ್ನ ಮೇಲೆ ಕೈಯಿಟ್ಟರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ಯಾಕಮ್ಮ ಅಳ್ತೀರಿ? ಅಧ್ಯಕ್ಷರನ್ನ ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲಮ್ಮ," ಎಂದೆ. "ಇವತ್ತೇ ನೋಡಿದ್ದು."

ಅಕ್ಕ